ವೀಸಾ ಫೈಲಿನಲ್ಲಿ ಇಲ್ಲದ ಲಸಿಕೆ ಚೀಟಿ

2025ರ ನವೆಂಬರ್ 10ರಂದು ಕೆನಡಾ ‘ದಡಾರ ನಿರ್ಮೂಲನೆಯಾದ ದೇಶ’ ಎಂಬ ಸ್ಥಾನವನ್ನು ಕಳೆದುಕೊಂಡಿತು. 1998ರಿಂದ ಉಳಿಸಿಕೊಂಡು ಬಂದಿದ್ದ ಸ್ಥಾನ ಅದು. ಒಂದೇ ತಳಿಯ ವೈರಸ್ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ದೇಶದೊಳಗೆ ಬಿಡದೆ ಹರಡಿದರೆ ಈ ಸ್ಥಾನ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಸೋಂಕು ಒಂಟಾರಿಯೊ, ಆಲ್ಬರ್ಟಾ ಪ್ರಾಂತ್ಯಗಳಲ್ಲಿ ಬೇರೂರಿತು. 2025ರಲ್ಲಿ 5,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಬಾಧಿತರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಳ್ಳದವರು.

ಈ ಅಂಕಿಗಳ ನಡುವೆ ಎರಡು ಸಾವುಗಳಿವೆ. ಜೂನ್‌ನಲ್ಲಿ ಒಂಟಾರಿಯೊದಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಗುವೊಂದು ತೀರಿಕೊಂಡಿತು. ಲಸಿಕೆ ಪಡೆಯದ ತಾಯಿಯಿಂದ ಗರ್ಭದಲ್ಲಿದ್ದಾಗಲೇ ಅದಕ್ಕೆ ದಡಾರ ತಗಲಿತ್ತು. ಮಗುವಿಗೆ ಬೇರೆ ತೊಂದರೆಗಳೂ ಇದ್ದವು, ಆದರೆ ಅವಧಿಗೆ ಮುನ್ನ ಹುಟ್ಟಲು ಮತ್ತು ಸಾಯಲು ದಡಾರವೂ ಕಾರಣವಾಗಿರಬಹುದು ಎಂದು ಅಲ್ಲಿನ ಮುಖ್ಯ ವೈದ್ಯಾಧಿಕಾರಿ ಹೇಳಿದರು. ಅಕ್ಟೋಬರ್‌ನಲ್ಲಿ ಆಲ್ಬರ್ಟಾದಲ್ಲೂ ಬಸುರಿಯಾಗಿದ್ದಾಗ ದಡಾರ ಬಂದ ತಾಯಿಯ ಅಕಾಲಿಕ ಶಿಶು ಉಳಿಯಲಿಲ್ಲ.

ಪಕ್ಕದ ಅಮೆರಿಕದಲ್ಲೂ 2025ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ದಡಾರ ಬಂತು. 1992ರ ನಂತರ ಅಲ್ಲಿ ಒಂದೇ ವರ್ಷ ಇಷ್ಟು ಪ್ರಕರಣ ಕಂಡಿರಲಿಲ್ಲ. ಇಂಗ್ಲೆಂಡ್‌ನಲ್ಲಿ 2024ರಲ್ಲಿ 2,900ಕ್ಕೂ ಹೆಚ್ಚು ಪ್ರಕರಣಗಳಿದ್ದವು. ಟೊರೊಂಟೊ, ಡಲ್ಲಾಸ್, ಲಂಡನ್ ಸುತ್ತ ನಮ್ಮ ಮಕ್ಕಳು, ಸೊಸೆಯಂದಿರು ಇರುವ ಊರುಗಳಿಗೆ ಇದು ದೂರದ ಸುದ್ದಿಯಲ್ಲ. ‘ಅಲ್ಲಿ ಎಲ್ಲ ಚೊಕ್ಕಟ, ಕಾಯಿಲೆ ಕಸಾಲೆ ನಮ್ಮಲ್ಲೇ ಜಾಸ್ತಿ’ ಎಂದು ನಾವು ಊರಲ್ಲಿ ಕೂತು ಸಮಾಧಾನ ಪಟ್ಟುಕೊಳ್ಳುತ್ತೇವೆ. ಬಸುರಿಯ ವಿಷಯದಲ್ಲಿ ಆ ಸಮಾಧಾನವನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕಾದ ಕಾಲ ಇದು.

2002ಕ್ಕೆ ಮೊದಲು ಹುಟ್ಟಿದವರು

ಮದುವೆಯಾಗಿ ವಿದೇಶಕ್ಕೆ ಹೊರಡುವ ಹೆಣ್ಣುಮಗಳ ಫೈಲಿನಲ್ಲಿ ಏನೇನಿರುತ್ತದೆ? ಪಾಸ್‌ಪೋರ್ಟ್, ಮದುವೆ ನೋಂದಣಿ ಪತ್ರ, ಲ್ಯಾಮಿನೇಷನ್ ಮಾಡಿಸಿದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಯ ಚೀಟಿ ಮಾತ್ರ ನೂರಕ್ಕೆ ತೊಂಬತ್ತು ಮನೆಗಳಲ್ಲಿ ಸಿಗುವುದಿಲ್ಲ. ‘ಎಲ್ಲ ಹಾಕಿಸಿದ್ದೆವು’ ಎಂಬ ಅಮ್ಮನ ನೆನಪೇ ದಾಖಲೆ.

ಅಮ್ಮನ ನೆನಪು ಸರಿಯಾಗಿಯೇ ಇರಬಹುದು. ಆದರೆ ಆಗ ಸರ್ಕಾರ ಹಾಕುತ್ತಿದ್ದ ‘ಎಲ್ಲ’ ಲಸಿಕೆಗಳಲ್ಲಿ ರುಬೆಲ್ಲಾ ಇರಲಿಲ್ಲ. ದಡಾರದ ಲಸಿಕೆ 1985ರಿಂದಲೇ ದೇಶದ ಲಸಿಕಾ ಕಾರ್ಯಕ್ರಮದಲ್ಲಿತ್ತು, ಅದೂ ಬಹಳ ವರ್ಷ ಒಂದೇ ಡೋಸ್. ದಡಾರ–ರುಬೆಲ್ಲಾ ಎರಡನ್ನೂ ತಡೆಯುವ ಎಂಆರ್ ಲಸಿಕೆಯ ಅಭಿಯಾನ ಶುರುವಾದದ್ದು 2017ರ ಫೆಬ್ರುವರಿಯಲ್ಲಿ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಅದನ್ನು ಹಾಕಿದರು. ಅಂದರೆ ಸರಿಸುಮಾರು 2002ಕ್ಕೆ ಮೊದಲು ಹುಟ್ಟಿದವರು ಅದರಿಂದ ಹೊರಗೆ ಉಳಿದರು. ಖಾಸಗಿ ವೈದ್ಯರ ಬಳಿ ಎಂಎಂಆರ್ ಹಾಕಿಸಿಕೊಂಡ ನಗರದ ಮಕ್ಕಳನ್ನು ಬಿಟ್ಟರೆ, ಇಂದು ಗಂಡನ ಜತೆ ವಿದೇಶದಲ್ಲಿ ಸಂಸಾರ ಹೂಡಿ ತಾಯಾಗುವ ವಯಸ್ಸಿನಲ್ಲಿರುವ ನಮ್ಮ ಹೆಣ್ಣುಮಕ್ಕಳಲ್ಲಿ ದೊಡ್ಡ ಪಾಲು ಈ ಗುಂಪಿಗೆ ಸೇರುತ್ತದೆ.

ಅವರಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲೇ ರುಬೆಲ್ಲಾ ಬಂದು ಹೋಗಿರುತ್ತದೆ. ಮೂರು ದಿನ ಸಣ್ಣ ಜ್ವರ, ಮೈಮೇಲೆ ಗುಳ್ಳೆ, ಅಷ್ಟೆ. ಆ ಅದೃಷ್ಟ ಇಲ್ಲದವರು ಯಾರು ಎಂಬುದನ್ನು ರಕ್ತ ಪರೀಕ್ಷೆಯಿಂದಲ್ಲದೆ ತಿಳಿಯಲಾಗದು.

ಸಣ್ಣ ಜ್ವರ, ದೊಡ್ಡ ಪೆಟ್ಟು

ಬಸುರಿಯ ಮೊದಲ ಹನ್ನೆರಡು ವಾರಗಳಲ್ಲಿ ರುಬೆಲ್ಲಾ ತಗಲಿದರೆ ಅದು ಮಗುವಿಗೂ ದಾಟಿ ಹಾನಿ ಮಾಡುವ ಸಾಧ್ಯತೆ ನೂರಕ್ಕೆ ತೊಂಬತ್ತರವರೆಗೆ ಇದೆ. ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ, ಬುದ್ಧಿಮಾಂದ್ಯ. ಗರ್ಭಪಾತವೂ ಆಗಬಹುದು. ತಾಯಿಗೆ ಮಾತ್ರ ಏನೂ ಆಗಿಲ್ಲವೇನೋ ಎಂಬಂತೆ ಹೋಗಿಬಿಡುತ್ತದೆ. 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಪೊರೆ ಬಂದ ಹಸುಗೂಸುಗಳ ತಾಯಂದಿರನ್ನು ವಿಚಾರಿಸುತ್ತಾ ಹೋದಾಗಲೇ ಈ ನಂಟು ಜಗತ್ತಿಗೆ ಗೊತ್ತಾದದ್ದು. 1964–65ರ ಪಿಡುಗಿನಲ್ಲಿ ಅಮೆರಿಕ ಒಂದರಲ್ಲೇ ಸುಮಾರು 20,000 ಮಕ್ಕಳು ರುಬೆಲ್ಲಾದ ಗುರುತು ಹೊತ್ತು ಹುಟ್ಟಿದರು. ಅಷ್ಟು ಹಿಂದೆ ಹೋಗುವುದೂ ಬೇಡ. ಜಪಾನ್‌ನಲ್ಲಿ 2012ರಿಂದ 2014ರ ನಡುವೆ ಹೀಗೆ 45 ಮಕ್ಕಳು ಹುಟ್ಟಿದರು. ಅಲ್ಲಿ ಹಿಂದೆ ಹೆಣ್ಣುಮಕ್ಕಳಿಗೆ ಮಾತ್ರ ಈ ಲಸಿಕೆ ಕೊಡುತ್ತಿದ್ದರು. ಲಸಿಕೆ ಸಿಗದ ಗಂಡಸರಲ್ಲಿ ಹರಡಿದ ಸೋಂಕು ಮನೆಯ ಬಸುರಿಯನ್ನು ಮುಟ್ಟಿತು. ಗಂಡನಿಗೂ ಲಸಿಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ನೇರ ಪಾಠ ಬೇಕಿಲ್ಲ.

ದಡಾರ ರುಬೆಲ್ಲಾದಂತೆ ಅಂಗವೈಕಲ್ಯ ತರುವುದಿಲ್ಲ. ಆದರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಹೊಟ್ಟೆಯಲ್ಲೇ ಮಗು ಸಾಯುವುದು, ತಾಯಿಗೆ ನ್ಯುಮೋನಿಯಾ, ಇವೆಲ್ಲ ಅದರಿಂದ ಆಗುತ್ತವೆ. ರೋಗಿ ಹೊರಟುಹೋದ ಕೋಣೆಯ ಗಾಳಿಯಲ್ಲೂ ಆ ವೈರಸ್ ಎರಡು ಗಂಟೆವರೆಗೆ ಉಳಿಯುತ್ತದೆ.

ವಿದೇಶದಲ್ಲಿ ವೈದ್ಯರೇ ಎಲ್ಲವನ್ನೂ ನೋಡಿಕೊಳ್ಳುತ್ತಾರಲ್ಲ ಎಂದು ಕೇಳಬಹುದು. ಎಲ್ಲ ಕಡೆ ಹಾಗಿಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಬಸುರಿಯ ಮೊದಲ ತಪಾಸಣೆಯಲ್ಲೇ ರುಬೆಲ್ಲಾ ನಿರೋಧಕ ಶಕ್ತಿ ಇದೆಯೇ ಎಂದು ರಕ್ತ ನೋಡುತ್ತಾರೆ. ಇಂಗ್ಲೆಂಡ್ ಮಾತ್ರ 2016ರ ಏಪ್ರಿಲ್‌ನಿಂದ ಆ ಪರೀಕ್ಷೆ ನಿಲ್ಲಿಸಿದೆ. ತಮ್ಮ ದೇಶದಲ್ಲಿ ರುಬೆಲ್ಲಾ ಅಪರೂಪ, ಎಲ್ಲರೂ ಚಿಕ್ಕಂದಿನಲ್ಲೇ ಎರಡು ಡೋಸ್ ಎಂಎಂಆರ್ ಪಡೆದಿರಬೇಕು ಎಂಬ ಲೆಕ್ಕ ಅವರದು. ಅಲ್ಲಿ ಹುಟ್ಟಿ ಬೆಳೆದವರಿಗೆ ಆ ಲೆಕ್ಕ ಸರಿ. ಹಾಸನದಿಂದಲೋ ವಿಜಯಪುರದಿಂದಲೋ ಹೋದ ಹೆಣ್ಣುಮಗಳು ಆ ಲೆಕ್ಕದೊಳಗೆ ಬರುವುದಿಲ್ಲ.

ವೀಸಾ ಕಚೇರಿಯೂ ಕೇಳುವುದಿಲ್ಲ. ಬ್ರಿಟನ್‌ನಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರಲು ಹೋಗುವ ಭಾರತೀಯರು ಕ್ಷಯ ಪರೀಕ್ಷೆ ಮಾಡಿಸಬೇಕು, ರುಬೆಲ್ಲಾ ಪ್ರಶ್ನೆ ಇಲ್ಲ. ಅಮೆರಿಕದ ಗ್ರೀನ್ ಕಾರ್ಡಿಗೆ ಎಂಎಂಆರ್ ಕಡ್ಡಾಯ. ಆದರೆ ಗಂಡನ ಎಚ್–1ಬಿ ನೆರಳಲ್ಲಿ ಎಚ್–4 ವೀಸಾದ ಮೇಲೆ ಹೋಗುವ ಹೆಂಡತಿಗೆ ಅಂಥ ಷರತ್ತಿಲ್ಲ. ಗ್ರೀನ್ ಕಾರ್ಡಿನ ಸರದಿ ನಮ್ಮವರಿಗೆ ಬರುವಷ್ಟರಲ್ಲಿ ಎರಡು ಮಕ್ಕಳೇ ಆಗಿರುತ್ತವೆ.

ಇಲ್ಲಿ ಸಮಯದ ಪ್ರಶ್ನೆ ಇದೆ. ಎಂಎಂಆರ್ ಜೀವಂತ ವೈರಸ್‌ನ ಶಕ್ತಿ ಕುಗ್ಗಿಸಿ ಮಾಡಿದ ಲಸಿಕೆ. ಹಾಗಾಗಿ ಬಸುರಿಯಲ್ಲಿ ಅದನ್ನು ಹಾಕುವುದಿಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕು. ಮೊದಲ ತಪಾಸಣೆಯಲ್ಲಿ ‘ರುಬೆಲ್ಲಾ ನಿರೋಧಕ ಶಕ್ತಿ ಇಲ್ಲ’ ಎಂದು ಬಂದರೆ ಅದು ಕಾಯಿಲೆಯ ವರದಿಯಲ್ಲ. ರಕ್ಷಣೆ ಇಲ್ಲ ಎಂದಷ್ಟೇ ಅರ್ಥ. ಆದರೆ ಆಗ ಹೆರಿಗೆಯವರೆಗೂ ಹುಷಾರಾಗಿ ದಿನ ದೂಡಬೇಕು, ಲಸಿಕೆ ಹೆರಿಗೆಯ ನಂತರವೇ. ಎದೆಹಾಲು ಕೊಡುವಾಗ ಅದನ್ನು ಹಾಕಿಸಿಕೊಳ್ಳಬಹುದು. ಗರ್ಭಿಣಿ ಎಂದು ಗೊತ್ತಾಗುವ ಮೊದಲೇ ಎಂಎಂಆರ್ ಹಾಕಿಸಿಕೊಂಡಿದ್ದವರು ಹೆದರಿ ಗರ್ಭ ತೆಗೆಸಬೇಕಿಲ್ಲ ಎಂಬುದನ್ನೂ ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ.

ಬೆಚ್ಚನೆಯ ನಾಡಿನವರಿಗೆ ಚಿಕನ್‌ಪಾಕ್ಸ್

ನಮ್ಮ ಕಡೆ ‘ಅಮ್ಮ ಬಂದಿದೆ’ ಎನ್ನುವ ಚಿಕನ್‌ಪಾಕ್ಸ್ ಚಳಿ ದೇಶಗಳಲ್ಲಿ ಬಹುತೇಕ ಎಲ್ಲರಿಗೂ ಚಿಕ್ಕಂದಿನಲ್ಲೇ ಬರುತ್ತಿತ್ತು. ಉಷ್ಣವಲಯದ ನಾಡುಗಳಲ್ಲಿ ಅದು ತಡವಾಗಿ, ಹಲವರಿಗೆ ದೊಡ್ಡವರಾದ ಮೇಲೆ ಬರುತ್ತದೆ. ಹಾಗಾಗಿ ನಮ್ಮಲ್ಲಿಂದ ಹೋದ ಹೆಣ್ಣುಮಕ್ಕಳಲ್ಲಿ ಇದರ ನಿರೋಧಕ ಶಕ್ತಿ ಇಲ್ಲದವರು ಹೆಚ್ಚು ಎಂದು ಬ್ರಿಟನ್‌ನ ಪ್ರಸೂತಿ ತಜ್ಞರ ಮಾರ್ಗಸೂಚಿಯೇ ಎಚ್ಚರಿಸುತ್ತದೆ. ಭಾರತದ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಚಿಕನ್‌ಪಾಕ್ಸ್ ಲಸಿಕೆ ಇಲ್ಲ. ಬ್ರಿಟನ್ ಕೂಡ ಮಕ್ಕಳಿಗೆ ಅದನ್ನು ಉಚಿತವಾಗಿ ಕೊಡಲು ಆರಂಭಿಸಿದ್ದು 2026ರ ಜನವರಿಯಲ್ಲಿ.

ಬಸುರಿಯಲ್ಲಿ ಇದು ಬಂದರೆ ತಾಯಿಯ ಶ್ವಾಸಕೋಶಕ್ಕೆ ಇಳಿಯುವ ಭಯ ಇದೆ. ಮೊದಲ ಅರ್ಧದಲ್ಲಿ ಬಂದರೆ ಅಪರೂಪಕ್ಕೆ ಮಗುವಿನ ಕೈಕಾಲು, ಕಣ್ಣುಗಳಿಗೆ ಹಾನಿಯಾಗುತ್ತದೆ. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ಬಂದರೆ ಹಸುಗೂಸಿಗೆ ಅಪಾಯ ತೀವ್ರ. ಎರಡನೇ ಮಗುವಿಗೆ ಬಸುರಿಯಾದವರ ಮನೆಗೆ ಇದು ಡೇ ಕೇರ್‌ಗೆ ಹೋಗುವ ಮೊದಲ ಮಗುವಿನ ಜತೆ ಬರುತ್ತದೆ. ಗುಳ್ಳೆ ಎದ್ದ ಮಗುವಿನ ಜತೆ ಒಂದೇ ಕೋಣೆಯಲ್ಲಿದ್ದೆ ಎಂದು ಗೊತ್ತಾದ ದಿನವೇ ಆಸ್ಪತ್ರೆಗೆ ಫೋನ್ ಮಾಡಬೇಕು. ತನ್ನ ಮೈಮೇಲೆ ಗುಳ್ಳೆ ಏಳಲಿ ಎಂದು ಕಾಯಬಾರದು, ಏಕೆಂದರೆ ಮೊದಲೇ ತಿಳಿದರೆ ಕೊಡಬಹುದಾದ ಔಷಧವಿದೆ. ದಡಾರದ ವಿಷಯದಲ್ಲೂ ಅಷ್ಟೆ. ರಕ್ಷಣೆ ಇಲ್ಲದ ಗರ್ಭಿಣಿಗೆ ಸೋಂಕು ತಗಲಿದ ಆರು ದಿನಗಳೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ. ಫೋನ್ ಮಾಡದೆ ನೇರವಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕೂತರೆ ಅಲ್ಲಿರುವ ಬೇರೆ ಬಸುರಿಯರಿಗೂ ಅಪಾಯ.

ಇನ್ನೊಂದು ಸಣ್ಣ ಮಾತು. ಮೊದಲ ಮಗು ಬಿಟ್ಟ ಅನ್ನವನ್ನು ‘ಹಾಳಾಗುತ್ತದೆ’ ಎಂದು ತಾಯಿಯೇ ತಿನ್ನುವುದು ನಮ್ಮ ರೂಢಿ. ಪುಟ್ಟ ಮಕ್ಕಳ ಎಂಜಲಿನಲ್ಲಿ ಸಿಎಂವಿ ಎಂಬ ವೈರಸ್ ಇರುವುದುಂಟು. ಅಮೆರಿಕದಲ್ಲಿ ಹುಟ್ಟುವ 200 ಮಕ್ಕಳಲ್ಲಿ ಒಂದಕ್ಕೆ ಈ ಸೋಂಕು ಇರುತ್ತದೆ. ಅಂಥ ಐದರಲ್ಲಿ ಒಂದು ಮಗುವಿಗೆ ಕಿವುಡಿನಂಥ ಶಾಶ್ವತ ತೊಂದರೆ ಉಳಿಯುತ್ತದೆ. ಬಸುರಿಯಾಗಿರುವ ತಿಂಗಳುಗಳಲ್ಲಿ ಮಗುವಿನ ತಟ್ಟೆ, ಚಮಚ ಬೇರೆ ಇರಲಿ, ಡಯಪರ್ ಬದಲಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ.

‘ಇಂಜೆಕ್ಷನ್ ಬೇಡಮ್ಮ’ ಎನ್ನುವ ಮುನ್ನ

ಬಸುರಿಯಲ್ಲಿ ಹಾಕಬಾರದ ಲಸಿಕೆಗಳಿರುವಂತೆ ಹಾಕಿಸಿಕೊಳ್ಳಲೇಬೇಕಾದವೂ ಇವೆ. ಗೊಂದಲ ಆಗುವುದು ಇಲ್ಲೇ. ಅಲ್ಲಿನ ಮಿಡ್‌ವೈಫ್ ಏಳನೇ ತಿಂಗಳಲ್ಲಿ ‘ನಾಯಿಕೆಮ್ಮಿನ ಲಸಿಕೆ ತೆಗೆದುಕೊಳ್ಳಿ’ ಎನ್ನುತ್ತಾರೆ. ಹುಡುಗಿ ರಾತ್ರಿ ವಿಡಿಯೊ ಕಾಲ್‌ನಲ್ಲಿ ಊರಿಗೆ ಕೇಳುತ್ತಾಳೆ. ‘ನಮಗೆಲ್ಲ ಯಾರು ಹಾಕಿದ್ದರು? ಹೊಟ್ಟೆಯಲ್ಲಿ ಕೂಸಿರುವಾಗ ಇಂಜೆಕ್ಷನ್ ಬೇಡಮ್ಮ’ ಎಂಬ ಉತ್ತರ ಹೋಗುತ್ತದೆ. ಪ್ರೀತಿಯಿಂದ ಹೇಳಿದ ಮಾತು, ಆದರೆ ತಪ್ಪು ಮಾತು.

2024ರಲ್ಲಿ ಇಂಗ್ಲೆಂಡ್‌ನಲ್ಲಿ ನಾಯಿಕೆಮ್ಮಿನ 14,000ಕ್ಕೂ ಹೆಚ್ಚು ಪ್ರಕರಣಗಳು ದೃಢಪಟ್ಟವು, 11 ಶಿಶುಗಳು ಸತ್ತವು. ಹುಟ್ಟಿದ ಮಗುವಿಗೆ ಮೊದಲ ಲಸಿಕೆ ಬೀಳುವುದೇ ಆರು, ಎಂಟು ವಾರಗಳ ನಂತರ. ಅಲ್ಲಿಯವರೆಗೆ ಅದನ್ನು ಕಾಯುವುದು ತಾಯಿಯ ರಕ್ತದಿಂದ ಮಾಸಿನ ಮೂಲಕ ಹರಿದ ಪ್ರತಿಕಾಯಗಳು ಮಾತ್ರ. ಅದಕ್ಕಾಗಿಯೇ ಬ್ರಿಟನ್ 2012ರಿಂದ ಬಸುರಿಯರಿಗೆ ಈ ಲಸಿಕೆ ಕೊಡುತ್ತಿದೆ. ಅದನ್ನು ಪಡೆದ ತಾಯಂದಿರ ಮಕ್ಕಳಲ್ಲಿ ನಾಯಿಕೆಮ್ಮಿನ ಸಾವು ಹತ್ತರಲ್ಲಿ ಒಂಬತ್ತು ಪಾಲು ತಪ್ಪಿದೆ. ಬ್ರಿಟನ್‌ನಲ್ಲಿ 16ರಿಂದ 32ನೇ ವಾರ, ಅಮೆರಿಕದಲ್ಲಿ 27ರಿಂದ 36ನೇ ವಾರ, ಆಸ್ಟ್ರೇಲಿಯಾದಲ್ಲಿ 20ರಿಂದ 32ನೇ ವಾರ ಇದಕ್ಕೆ ಸಕಾಲ.

‘ನಮಗೆ ಯಾರು ಹಾಕಿದ್ದರು?’ ಎಂಬ ಪ್ರಶ್ನೆಗೆ ಉತ್ತರ ನಮ್ಮ ಅಮ್ಮಂದಿರ ತೋಳಿನಲ್ಲೇ ಇದೆ. ಬಸುರಿಯಲ್ಲಿ ಟಿಟಿ ಹಾಕಿಸಿಕೊಳ್ಳದ ತಾಯಿ ಆ ತಲೆಮಾರಿನಲ್ಲೂ ವಿರಳ. ಆ ಟಿಟಿಯೇ ಬಾಣಂತಿ ಮನೆಯ ಧನುರ್ವಾಯುವನ್ನು ಓಡಿಸಿತು. 2015ರಲ್ಲಿ ಭಾರತ ಆ ಕಾಯಿಲೆಯನ್ನು ನಿವಾರಿಸಿದ ದೇಶವೆನಿಸಿಕೊಂಡಿತು. ವಿದೇಶದ ವೈದ್ಯರು ಕೊಡುವ ಟಿಡಾಪ್ ಲಸಿಕೆಯಲ್ಲಿ ಇರುವುದು ಅದೇ ಧನುರ್ವಾಯುವಿನ ಮದ್ದು, ಜತೆಗೆ ಗಂಟಲುಮಾರಿ ಮತ್ತು ನಾಯಿಕೆಮ್ಮಿನದು. ಹೊಸದೇನೋ ಪ್ರಯೋಗ ಅಲ್ಲ.

ಫ್ಲೂ ಲಸಿಕೆಯ ಕಥೆಯೂ ಹೀಗೆ. 2009ರ ಎಚ್1ಎನ್1 ಪಿಡುಗಿನಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಷ್ಟಿದ್ದ ಗರ್ಭಿಣಿಯರು, ಸತ್ತವರಲ್ಲಿ ನೂರಕ್ಕೆ ಐವರಷ್ಟಿದ್ದರು. ಯಾವ ತಿಂಗಳಲ್ಲಾದರೂ ಈ ಲಸಿಕೆ ಪಡೆಯಬಹುದು. ಹೊಸದಾಗಿ ಬಂದಿರುವುದು ಆರ್‌ಎಸ್‌ವಿ ಲಸಿಕೆ. ಕೂಸುಗಳಿಗೆ ಉಸಿರಾಟದ ತೊಂದರೆ ತಂದು ಆಸ್ಪತ್ರೆ ಸೇರಿಸುವ ವೈರಸ್‌ಗಳಲ್ಲಿ ಆರ್‌ಎಸ್‌ವಿ ಮೊದಲನೆಯದು. ಬ್ರಿಟನ್ 2024ರ ಸೆಪ್ಟೆಂಬರ್‌ನಿಂದ 28ನೇ ವಾರದ ನಂತರ, ಆಸ್ಟ್ರೇಲಿಯಾ 2025ರ ಫೆಬ್ರುವರಿಯಿಂದ 28ರಿಂದ 36ನೇ ವಾರದವರೆಗೆ ಇದನ್ನು ಉಚಿತವಾಗಿ ಕೊಡುತ್ತಿವೆ. ಅಮೆರಿಕದಲ್ಲಿ 32ರಿಂದ 36ನೇ ವಾರದೊಳಗೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಜನವರಿವರೆಗೆ ಮಾತ್ರ.

ಸೀಮಂತಕ್ಕೆ ಊರಿಗೆ ಬರುವಾಗ

ಅಪಾಯದ ದಾರಿ ಎರಡೂ ಕಡೆಗಿದೆ. ಐದನೇ, ಏಳನೇ ತಿಂಗಳಲ್ಲಿ ಮಗಳು ಹೂ ಮುಡಿಸಿಕೊಳ್ಳಲು ತವರಿಗೆ ಬರುತ್ತಾಳೆ. ‘ಇಲ್ಲೇ ಹುಟ್ಟಿ ಬೆಳೆದವಳು, ನೀರು ಒಗ್ಗದೆ ಇರುತ್ತದೆಯೇ?’ ಎನ್ನುತ್ತೇವೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್–ಇ ಕಾಮಾಲೆ ಬೇರೆಯವರಿಗೆ ಕೆಲವು ವಾರಗಳ ಸುಸ್ತು. ಕೊನೆಯ ಮೂರು ತಿಂಗಳಲ್ಲಿರುವ ಬಸುರಿಗೆ ಬಂದರೆ ನೂರರಲ್ಲಿ 20ರಿಂದ 25 ಮಂದಿ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ನಮ್ಮಲ್ಲಿ ಲಸಿಕೆ ಸಿಗುವುದಿಲ್ಲ. ಕುದಿಸಿ ಆರಿಸಿದ ನೀರೇ ಮದ್ದು. ಛತ್ರದ ಜಗ್ಗಿನ ನೀರು, ರಸ್ತೆ ಬದಿಯ ಐಸ್ ಹಾಕಿದ ಕಬ್ಬಿನ ಹಾಲು, ಹೆಚ್ಚಿಟ್ಟ ಹಣ್ಣು ಬೇಡ. ಆಸೆ ಪಟ್ಟದ್ದನ್ನು ಮನೆಯಲ್ಲೇ ಬಿಸಿಯಾಗಿ ಮಾಡಿಕೊಡೋಣ.

ಎರಡನೆಯದು ಸೊಳ್ಳೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಹೆರಿಗೆ ಹತ್ತಿರದಲ್ಲಿ ಡೆಂಗಿ ಬಂದರೆ ರಕ್ತಸ್ರಾವದ ಭಯ, ಮಗುವಿಗೂ ಸೋಂಕು ದಾಟಬಹುದು. ಮಗುವಿನ ಮಿದುಳಿಗೆ ಹಾನಿ ಮಾಡುವ ಝೀಕಾ ವೈರಸ್ 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸೊಳ್ಳೆಗಳಲ್ಲಿ ಪತ್ತೆಯಾಗಿತ್ತು. 2024ರಲ್ಲಿ ಪುಣೆಯಲ್ಲಿ ಗರ್ಭಿಣಿಯರಲ್ಲೂ ಕಂಡಿತು. ಡೆಂಗಿ, ಝೀಕಾ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ. ಸಾಧ್ಯವಾದರೆ ಸೀಮಂತದ ಪ್ರಯಾಣವನ್ನು ಮಳೆಗಾಲದಿಂದ ಆಚೆಗೆ ಇಡುವುದು ಮೇಲು. ಬಂದು ಹೋದ ಮೇಲೆ ಜ್ವರ ಕಾಣಿಸಿದರೆ, ‘ಭಾರತಕ್ಕೆ ಹೋಗಿದ್ದೆ’ ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಇಲ್ಲದಿದ್ದರೆ ಅವರಿಗೆ ಡೆಂಗಿ ಹೊಳೆಯುವುದೇ ತಡ.

ಬಾಣಂತನಕ್ಕೆ ಹೊರಟ ಅಜ್ಜ–ಅಜ್ಜಿ

ಮೂರು ತಿಂಗಳ ಬಾಣಂತನಕ್ಕೆ ವಿಮಾನ ಹತ್ತುವ ಅಜ್ಜಿಯ ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಬಾಣಂತಿ ಲೇಹ್ಯ, ಹಳೆ ಸೀರೆಯ ಕುಂಚಿಗೆ ಎಲ್ಲ ಇರುತ್ತದೆ. ಆದರೆ ದೊಡ್ಡವರಲ್ಲಿ ನಾಯಿಕೆಮ್ಮು ಬರೀ ಬಿಡದ ಕೆಮ್ಮಾಗಿ ಕಾಣುತ್ತದೆ. ಅದೇ ಕೂಸಿಗೆ ಉಸಿರು ಕಟ್ಟಿಸುತ್ತದೆ. ಹೊರಡುವ ಎರಡು ವಾರ ಮೊದಲಾದರೂ ಅಜ್ಜ–ಅಜ್ಜಿ ಇಬ್ಬರೂ ಟಿಡಾಪ್ ಮತ್ತು ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ. ನಮ್ಮ ಪಟ್ಟಣಗಳ ಖಾಸಗಿ ಆಸ್ಪತ್ರೆಗಳಲ್ಲಿ ಇವು ಸಿಗುತ್ತವೆ. ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸದೆ ಹೊರಡಬಾರದು.

ಕೊಲ್ಲಿಯಿಂದ ರಜೆಗೆ ಬರುವವರು

ಕೊಲ್ಲಿ ದೇಶಗಳ ನಮ್ಮ ಕಾರ್ಮಿಕರಲ್ಲಿ ಬಹಳ ಜನರ ಕುಟುಂಬ ಊರಲ್ಲೇ ಇದೆ. ಗಂಡ ವರ್ಷಕ್ಕೋ ಎರಡು ವರ್ಷಕ್ಕೋ ಬಂದು ಹೋಗುತ್ತಾನೆ. ಹೊರಡುವ ಮುನ್ನ ಅವನಿಗೆ ಎಚ್‌ಐವಿ, ಹೆಪಟೈಟಿಸ್, ಕ್ಷಯದ ಪರೀಕ್ಷೆ ಆಗಿರುತ್ತದೆ. ಅದು ಕೆಲಸಕ್ಕೆ ಅರ್ಹನೇ ಎಂದು ನೋಡಲು. ಆ ದಿನದ ಮಟ್ಟಿಗೆ ಮಾತ್ರ ಅದಕ್ಕೆ ಬೆಲೆ. ಅದನ್ನು ನಂಬಿ ಊರಲ್ಲಿರುವ ಹೆಂಡತಿ ತಾಯಿ ಕಾರ್ಡ್‌ನ ರಕ್ತ ಪರೀಕ್ಷೆ ತಪ್ಪಿಸಿಕೊಳ್ಳಬಾರದು. ತಾಯಿಗೆ ಹೆಪಟೈಟಿಸ್–ಬಿ ಇದ್ದು ಹೆರಿಗೆಯ ವೇಳೆ ಕೂಸಿಗೆ ತಗಲಿದರೆ, ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ಮೊದಲೇ ಗೊತ್ತಿದ್ದರೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು ತಡೆಯಬಹುದು. ಸಿಫಿಲಿಸ್‌ಗೆ ಪೆನಿಸಿಲಿನ್ ಇದೆ. ಎಚ್‌ಐವಿ ಇರುವ ತಾಯಿ ಸರಿಯಾಗಿ ಔಷಧ ತೆಗೆದುಕೊಂಡರೆ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಈ ಪರೀಕ್ಷೆಗಳು ಯಾರ ನಡತೆಯನ್ನೂ ಅಳೆಯುವುದಿಲ್ಲ. ಎಲ್ಲ ಬಸುರಿಯರಿಗೂ ಮಾಡುವಂಥವು ಎಂಬುದನ್ನು ಅತ್ತೆ ಮನೆಯವರೂ ತಿಳಿದುಕೊಳ್ಳಬೇಕು.

ಯಾರು ಏನು ಮಾಡಬೇಕು?

ವಿದೇಶಕ್ಕೆ ಹೊರಡುವವರಿಗೆ ಉದ್ಯೋಗ, ದಾಖಲೆ, ಕಾನೂನಿನ ಬಗ್ಗೆ ತಿಳಿವಳಿಕೆ ಕೊಡುವ ಮಾತು ಸರ್ಕಾರದಲ್ಲಿ ಆಗಾಗ ಕೇಳಿಬರುತ್ತದೆ. ರಾಜ್ಯದ ಅನಿವಾಸಿ ಭಾರತೀಯ ಸಮಿತಿ ಆ ಪಟ್ಟಿಗೆ ಒಂದು ಹಾಳೆ ಸೇರಿಸಲಿ: ಹೊರಡುವ ಮೊದಲು ರುಬೆಲ್ಲಾ, ಚಿಕನ್‌ಪಾಕ್ಸ್ ರಕ್ತ ಪರೀಕ್ಷೆ ಅಥವಾ ಲಸಿಕೆ, ಮತ್ತು ಹಾಕಿಸಿಕೊಂಡಿದ್ದರ ಇಂಗ್ಲಿಷ್ ದಾಖಲೆ. ಆರೋಗ್ಯ ಇಲಾಖೆ ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆ ವ್ಯವಸ್ಥೆ ಮಾಡಿದರೆ ಹಳ್ಳಿಯ ಹುಡುಗಿಗೂ ದಕ್ಕುತ್ತದೆ. ಹಬ್ಬ, ಸಮ್ಮೇಳನಗಳನ್ನು ಅಚ್ಚುಕಟ್ಟಾಗಿ ನಡೆಸುವ ಹೊರದೇಶದ ಕನ್ನಡ ಸಂಘಗಳಲ್ಲಿ ವೈದ್ಯರಿಗೆ ಬರವಿಲ್ಲ. ಹೊಸದಾಗಿ ಬಂದ ಸೊಸೆಯಂದಿರಿಗೆ ಕನ್ನಡದಲ್ಲೇ ಇದನ್ನು ಹೇಳಿಕೊಡಲು ಅವರಿಗೆ ಒಂದು ಭಾನುವಾರ ಸಾಕು.

ಸರ್ಕಾರ ಮಾಡುವವರೆಗೆ ನಮ್ಮ ಮನೆಗಳಲ್ಲಿ ಕಾಯಬೇಕಿಲ್ಲ. ಮದುವೆ ನಿಶ್ಚಯವಾಗಿ ವೀಸಾ ಕೈಗೆ ಬರುವವರೆಗೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಇರುತ್ತದೆ. ಎರಡು ಡೋಸ್‌ಗೂ ಆಮೇಲಿನ ಒಂದು ತಿಂಗಳಿಗೂ ಅಷ್ಟು ಸಾಕು. ಹೋಗಿ ಆಗಿದ್ದರೆ, ಮಗು ಬೇಕು ಎಂದು ಮನಸ್ಸು ಮಾಡಿದ ತಿಂಗಳೇ ಅಲ್ಲಿನ ವೈದ್ಯರ ಬಳಿ ಕೇಳಬಹುದು. ಲಸಿಕೆಯ ದಾಖಲೆ ಸಿಗದಿದ್ದರೆ ಹೆದರಬೇಕಿಲ್ಲ, ಈಗಾಗಲೇ ರಕ್ಷಣೆ ಇದ್ದವರಿಗೂ ಎಂಎಂಆರ್ ಮತ್ತೆ ಹಾಕಿದರೆ ತೊಂದರೆಯಿಲ್ಲ. ಈಗಾಗಲೇ ಬಸುರಿಯಾಗಿದ್ದರೆ ಯಾವ ವಾರದಲ್ಲಿ ಯಾವ ಲಸಿಕೆ ಎಂದು ಬರೆಸಿಕೊಳ್ಳಲಿ.

ಮುಂದಿನ ವಿಡಿಯೊ ಕಾಲ್‌ನಲ್ಲಿ ‘ಊಟ ಆಯ್ತಾ, ವಾಂತಿ ನಿಂತಿತಾ’ ಎಂದು ಕೇಳಿದ ಮೇಲೆ, ‘ಲಸಿಕೆ ಯಾವಾಗ ಹಾಕ್ತಾರಂತೆ?’ ಎಂದೂ ನಾವು ಕೇಳೋಣ.